ಐದು ಸಾಲುಗಳ ಚರಿತ್ರೆ: ಅಕ್ರಿಂಗ್ಟನ್ ಫುಟ್‌ಬಾಲ್ ಸಂಘದ ಋತುವಾರು ದಾಖಲೆಯ ಓದು

1888ರಲ್ಲಿ ಇಂಗ್ಲೆಂಡಿನ 12 ಫುಟ್‌ಬಾಲ್ ಸಂಘಗಳು ಕೂಡಿ ಜಗತ್ತಿನ ಮೊದಲ ಫುಟ್‌ಬಾಲ್ ಲೀಗನ್ನು ಸ್ಥಾಪಿಸಿದವು. ಆ ಹನ್ನೆರಡರಲ್ಲಿ ಹನ್ನೊಂದು ಸಂಘಗಳು ಇಂದಿಗೂ ಆಡುತ್ತಿವೆ. ಇಲ್ಲವಾದದ್ದು ಒಂದೇ ಒಂದು: ಅಕ್ರಿಂಗ್ಟನ್. ಲೀಗಿನಲ್ಲಿ ಅದು ಆಡಿದ್ದು ಐದು ಋತುಗಳು ಮಾತ್ರ. 1893ರಲ್ಲಿ ಲೀಗನ್ನು ತೊರೆದ ಅದು 1896ರಲ್ಲಿ ಮುಚ್ಚಿಹೋಯಿತು. ಲೀಗಿನ ಪಟ್ಟಿಗಳಲ್ಲಿ ಆ ಸಂಘದ ಪಾಲಿಗೆ ಉಳಿದಿರುವುದು ಅಂಕಿಗಳಿಂದ ತುಂಬಿದ ಐದು ಸಾಲುಗಳು.

ಐದು ಸಾಲುಗಳಿಂದ ಒಂದು ಚರಿತ್ರೆಯನ್ನು ಕಟ್ಟಲು ಸಾಧ್ಯವೆ? ಕಟ್ಟುವಾಗ ಓದುಗನು ಎಲ್ಲಿ ಎಡವುತ್ತಾನೆ? ಶಾಸನ, ಕೈಫಿಯತ್ತು, ಕವಿಚರಿತೆಗಳನ್ನು ಆಕರಗಳಾಗಿ ಬಳಸಬೇಕಾದ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಈ ಪ್ರಶ್ನೆಗಳು ಹೊಸವಲ್ಲ. ಆದರೆ ಪರಿಚಿತ ಆಕರಗಳನ್ನು ಓದುವಾಗ ಪರಂಪರೆಯಿಂದ ಬಂದ ತೀರ್ಮಾನಗಳು ಮೊದಲೇ ಮನಸ್ಸಿನಲ್ಲಿ ಕುಳಿತಿರುತ್ತವೆ. ಪರಿಚಯವೇ ಇಲ್ಲದ ಒಂದು ವಸ್ತುವನ್ನು ಎದುರಿಗಿಟ್ಟುಕೊಂಡು ಓದಿದರೆ ಓದಿನ ಕ್ರಮವೇ ಕಣ್ಣಿಗೆ ಬೀಳುತ್ತದೆ. ಅದಕ್ಕಾಗಿ ಈ ಪಾಠದಲ್ಲಿ ದೂರದ ಒಂದು ಫುಟ್‌ಬಾಲ್ ಸಂಘವನ್ನು ಆರಿಸಿಕೊಳ್ಳಲಾಗಿದೆ.

ದಾಖಲೆಯ ಸ್ವರೂಪ

ಕಾಲಾನುಕ್ರಮದ ದಾಖಲೆ ಕನ್ನಡಕ್ಕೆ ಹೊಸದಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯು ಕವಿಗಳನ್ನು ಕಾಲಾನುಕ್ರಮದಲ್ಲಿ ನಿಲ್ಲಿಸಿ, ಒಬ್ಬೊಬ್ಬರಿಗೂ ಹೆಸರು, ಕಾಲ, ಕೃತಿ ಎಂಬ ಚೌಕಟ್ಟನ್ನು ಒದಗಿಸುತ್ತದೆ. ಧರ್ಮಪುರಿ ಸೀಮೆಯ ಊರಂಚುಗಳಲ್ಲಿ ನಿಂತಿರುವ ವೀರಗಲ್ಲುಗಳು ಅರಸನ ಆಳ್ವಿಕೆಯ ಇಂತಿಷ್ಟನೆಯ ವರ್ಷ ಎಂದು ಕಾಲವನ್ನು ಹೇಳಿ, ತುರುಗಾಳಗದಲ್ಲಿ ಮಡಿದವನ ಹೆಸರನ್ನು ಹೇಳಿ ನಿಲ್ಲುತ್ತವೆ. ಕಾಲ, ಹೆಸರು, ಫಲ ಎಂಬ ಮೂರೇ ಅಂಗಗಳು. ಫುಟ್‌ಬಾಲ್ ಸಂಘದ ಋತುವಾರು ಪಟ್ಟಿಯೂ ರಚನೆಯಲ್ಲಿ ಇದೇ ಜಾತಿಗೆ ಸೇರಿದ್ದು.

ಪಟ್ಟಿಯನ್ನು ಓದುವ ಮುನ್ನ ಅದರ ಕಾಲಗಣನೆಯನ್ನು ತಿಳಿಯಬೇಕು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಚಳಿಗಾಲದ ಆಟ. ಆ ಕಾಲದಲ್ಲಿ ಅದು ಸೆಪ್ಟೆಂಬರಿನಲ್ಲಿ ಆರಂಭವಾಗಿ ಏಪ್ರಿಲಿನಲ್ಲಿ ಮುಗಿಯುತ್ತಿತ್ತು. ಹೀಗಾಗಿ ಒಂದೊಂದು ಋತುವೂ ಎರಡು ಇಸವಿಗಳ ಮೇಲೆ ಕಾಲಿಟ್ಟು ನಿಲ್ಲುತ್ತದೆ. ಅದನ್ನು 1888–89 ಎಂದು ಬರೆಯುತ್ತಾರೆ. ಚೈತ್ರದಿಂದ ಫಾಲ್ಗುಣದವರೆಗಿನ ಶಕವರ್ಷವನ್ನು ಕ್ರಿಸ್ತಶಕಕ್ಕೆ ಪರಿವರ್ತಿಸುವಾಗ ಮಾಸವನ್ನು ನೋಡಿ 78 ಅಥವಾ 79ನ್ನು ಕೂಡಿಸುವ ಅಭ್ಯಾಸವಿರುವವರಿಗೆ ಇದು ತೊಡಕಾಗದು.

ಎರಡನೆಯದಾಗಿ ಅಳತೆಯನ್ನು ತಿಳಿಯಬೇಕು. ಅಂದಿನ ಲೀಗಿನಲ್ಲಿ ಗೆಲುವಿಗೆ 2 ಅಂಕ, ಡ್ರಾಕ್ಕೆ 1 ಅಂಕ, ಸೋಲಿಗೆ ಏನೂ ಇಲ್ಲ. ಎರಡು ಸಂಘಗಳ ಅಂಕಗಳು ಸಮವಾದರೆ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಿ, ಬಂದ ಗೋಲು ಸರಾಸರಿಯ ಮೇಲೆ ಸ್ಥಾನವನ್ನು ನಿರ್ಧರಿಸುತ್ತಿದ್ದರು. ವಿಶೇಷವೆಂದರೆ, 1888ರ ಸೆಪ್ಟೆಂಬರಿನಲ್ಲಿ ಪಂದ್ಯಗಳು ಆರಂಭವಾದಾಗ ಈ ಅಂಕಪದ್ಧತಿ ಇನ್ನೂ ತೀರ್ಮಾನವಾಗಿರಲಿಲ್ಲ. ಆಟ ನಡೆಯುತ್ತಿರುವಾಗಲೇ, ಅದೇ ವರ್ಷದ ನವೆಂಬರಿನಲ್ಲಿ, ಅದನ್ನು ಗೊತ್ತುಮಾಡಲಾಯಿತು. ಅಳತೆಗೋಲು ಮನುಷ್ಯರು ಮಾಡಿದ್ದು, ಅದು ಬದಲಾಗಬಲ್ಲದು ಎಂಬ ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

ಊರು ಮತ್ತು ಸಂಘ

ಅಕ್ರಿಂಗ್ಟನ್ ಇಂಗ್ಲೆಂಡಿನ ವಾಯವ್ಯ ಭಾಗದ ಲ್ಯಾಂಕಾಷೈರ್ ಪ್ರಾಂತದ ಒಂದು ಹತ್ತಿಗಿರಣಿಯ ಊರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿದ್ದವರು ಸುಮಾರು ನಲವತ್ತು ಸಾವಿರ ಜನ. ನೂಲುವ ‘ಜೆನ್ನಿ’ ಯಂತ್ರವನ್ನು ರೂಪಿಸಿದ ಜೇಮ್ಸ್ ಹಾರ್ಗ್ರೀವ್ಸ್ ನೆಲಸಿದ್ದ ಆಸ್ವಾಲ್ಡ್‌ಟ್ವಿಸಲ್ ಇದರ ನೆರೆಯಲ್ಲೇ ಇದೆ. ಹೊವರ್ಡ್ ಅಂಡ್ ಬುಲೋ ಎಂಬ ಹೆಸರಾಂತ ನೂಲುಯಂತ್ರಗಳ ಕಾರ್ಖಾನೆಯೂ ಈ ಊರಿನದೇ. ಸೇಲಂ ಸೀಮೆಯಲ್ಲಿ ಮಗ್ಗವನ್ನೇ ಬಾಳಿಗೆ ಆಧಾರ ಮಾಡಿಕೊಂಡ ಕನ್ನಡ ಮನೆಮಾತಿನ ದೇವಾಂಗ ಕುಟುಂಬಗಳಿಗೆ ಲ್ಯಾಂಕಾಷೈರ್ ಎಂಬ ಹೆಸರು ಒಂದು ಕಾಲದಲ್ಲಿ ದೂರದ್ದಾಗಿರಲಿಲ್ಲ. ಆ ಗಿರಣಿಗಳ ಅಗ್ಗದ ಬಟ್ಟೆಯೇ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಕೈಮಗ್ಗಕ್ಕೆ ಎದುರಾಳಿಯಾಗಿ ಬಂದದ್ದು.

ಗಿರಣಿಗೂ ಆಟಕ್ಕೂ ನೇರವಾದ ನಂಟಿದೆ. 1850ರ ಕಾರ್ಖಾನೆ ಶಾಸನವು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಬಟ್ಟೆಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ದುಡಿಮೆ ನಿಲ್ಲಬೇಕೆಂದು ವಿಧಿಸಿತು. ಅವರ ಕೈಯಿಲ್ಲದೆ ಗಿರಣಿ ನಡೆಯದಾದ್ದರಿಂದ ಗಂಡಸರಿಗೂ ಬಿಡುವು ಬಂದಿತು. ವಾರದ ದುಡಿಮೆಯಿಂದ ಬಿಡಿಸಿಕೊಂಡ ಆ ಅರ್ಧ ದಿನವೇ ಫುಟ್‌ಬಾಲಿನ ಹೊತ್ತಾಯಿತು. ಆಟಗಾರರಿಗೆ ಸಂಬಳ ಕೊಡುವುದನ್ನು 1885ರಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಿಕೊಂಡಿತು. ಸಂಬಳವೆಂದ ಮೇಲೆ ನಿಯತವಾದ ವರಮಾನ ಬೇಕು; ನಿಯತವಾದ ವರಮಾನಕ್ಕೆ ನಿಗದಿಯಾದ ಪಂದ್ಯಗಳು ಬೇಕು. 1888ರ ಲೀಗ್ ಹುಟ್ಟಿದ್ದು ಈ ಅಗತ್ಯದಿಂದ. ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಲ್ಲಾ ಸಂಘದ ವಿಲಿಯಂ ಮೆಕ್‌ಗ್ರೆಗರ್ ಆ ವರ್ಷದ ಮಾರ್ಚಿನಲ್ಲಿ ಕೆಲವು ಸಂಘಗಳಿಗೆ ಪತ್ರ ಬರೆದರು. ಏಪ್ರಿಲ್ 17ರಂದು ಮ್ಯಾಂಚೆಸ್ಟರಿನ ಸಭೆಯಲ್ಲಿ ಲೀಗ್ ರೂಪುಗೊಂಡಿತು.

ಹನ್ನೆರಡು ಸ್ಥಾಪಕ ಸಂಘಗಳಲ್ಲಿ ಆರು ಲ್ಯಾಂಕಾಷೈರಿನವು: ಅಕ್ರಿಂಗ್ಟನ್, ಬ್ಲ್ಯಾಕ್‌ಬರ್ನ್ ರೋವರ್ಸ್, ಬೋಲ್ಟನ್ ವಾಂಡರರ್ಸ್, ಬರ್ನ್ಲಿ, ಎವರ್ಟನ್ ಮತ್ತು ಪ್ರೆಸ್ಟನ್ ನಾರ್ತ್ ಎಂಡ್. ಅಕ್ರಿಂಗ್ಟನ್ನಿನ ಒಂದು ಮಗ್ಗುಲಲ್ಲಿ ಬ್ಲ್ಯಾಕ್‌ಬರ್ನ್, ಇನ್ನೊಂದು ಮಗ್ಗುಲಲ್ಲಿ ಬರ್ನ್ಲಿ. ಎರಡೂ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಎರಡು ದೊಡ್ಡ ಮರಗಳ ನಡುವಿನ ಸಸಿಯಂತೆ ಇದ್ದ ಈ ಸಂಘಕ್ಕೆ ಸ್ವಂತ ಮೈದಾನವೂ ಇರಲಿಲ್ಲ. ಥಾರ್ನಿಹೋಮ್ ರಸ್ತೆಯ ಕ್ರಿಕೆಟ್ ಮೈದಾನವೇ ಅದರ ಅಂಗಳ.

ಐದು ಋತುಗಳು

1888–89: ಪಂದ್ಯ 22, ಗೆಲುವು 6, ಡ್ರಾ 8, ಸೋಲು 8, ಗೋಲು 48–48, ಅಂಕ 20, ಹನ್ನೆರಡರಲ್ಲಿ 7ನೆಯ ಸ್ಥಾನ.
1889–90: ಪಂದ್ಯ 22, ಗೆಲುವು 9, ಡ್ರಾ 6, ಸೋಲು 7, ಗೋಲು 53–56, ಅಂಕ 24, ಹನ್ನೆರಡರಲ್ಲಿ 6ನೆಯ ಸ್ಥಾನ.
1890–91: ಪಂದ್ಯ 22, ಗೆಲುವು 6, ಡ್ರಾ 4, ಸೋಲು 12, ಗೋಲು 28–50, ಅಂಕ 16; ಹನ್ನೆರಡರಲ್ಲಿ 10ನೆಯ ಸ್ಥಾನ.
1891–92: ಪಂದ್ಯ 26, ಗೆಲುವು 8, ಡ್ರಾ 4, ಸೋಲು 14, ಗೋಲು 40–78, ಅಂಕ 20, ಹದಿನಾಲ್ಕರಲ್ಲಿ 11ನೆಯ ಸ್ಥಾನ.
1892–93: ಪಂದ್ಯ 30, ಗೆಲುವು 6, ಡ್ರಾ 11, ಸೋಲು 13, ಗೋಲು 57–81, ಅಂಕ 23, ಹದಿನಾರರಲ್ಲಿ 15ನೆಯ ಸ್ಥಾನ.

ಮೊದಲ ಋತು. 1888ರ ಸೆಪ್ಟೆಂಬರ್ 8ರಂದು, ಲೀಗಿನ ಮೊಟ್ಟಮೊದಲ ದಿನ, ಅಕ್ರಿಂಗ್ಟನ್ ಲಿವರ್‌ಪೂಲ್ ನಗರದ ಆನ್‌ಫೀಲ್ಡ್ ಮೈದಾನದಲ್ಲಿ ಎವರ್ಟನ್ನಿನ ಎದುರು 2–1ರಿಂದ ಸೋತಿತು. ಆಗ ಆ ಮೈದಾನ ಎವರ್ಟನ್ನಿನದಾಗಿತ್ತು. ಲಿವರ್‌ಪೂಲ್ ಎಂಬ ಸಂಘ ಇನ್ನೂ ಹುಟ್ಟಿರಲಿಲ್ಲ. ಸೋಲಿನಿಂದ ಆರಂಭವಾದರೂ ಆ ಋತು ಗೌರವಯುತವಾಗಿಯೇ ಮುಗಿಯಿತು. ಎಂಟು ಡ್ರಾಗಳು ಆ ವರ್ಷ ಲೀಗಿನಲ್ಲೇ ಅತಿ ಹೆಚ್ಚು. ಹೊಡೆದ ಗೋಲು 48, ಬಿಟ್ಟುಕೊಟ್ಟದ್ದೂ 48. ತಕ್ಕಡಿಯ ಎರಡು ತಟ್ಟೆಗಳು ಸಮ. ಎವರ್ಟನ್ನಿಗೂ 20 ಅಂಕಗಳೇ ಬಂದಿದ್ದವು. ಆದರೆ ಅದರ ಗೋಲುಗಳು 35–46. ಅಕ್ರಿಂಗ್ಟನ್ನಿನ ಗೋಲು ಸರಾಸರಿ 1.00, ಎವರ್ಟನ್ನಿನದು 0.76. ಮೊದಲ ದಿನ ಗೆದ್ದ ಸಂಘ ಕೊನೆಯ ದಿನ ಒಂದು ಮೆಟ್ಟಿಲು ಕೆಳಗೆ ನಿಂತಿತು.

ಎರಡನೆಯ ಋತು. ಒಂಬತ್ತು ಗೆಲುವು, 24 ಅಂಕ, ಆರನೆಯ ಸ್ಥಾನ. ಇದೇ ಈ ಸಂಘದ ಬಾಳಿನ ಶಿಖರ. ಆಸ್ಟನ್ ವಿಲ್ಲಾ, ಬೋಲ್ಟನ್, ಬರ್ನ್ಲಿ ಮೂರೂ ಅದರ ಕೆಳಗಿದ್ದವು. ಆ ವರ್ಷ ಕೊನೆಯ ಸ್ಥಾನ ಪಡೆದ ಸ್ಟೋಕ್ ಮರುಆಯ್ಕೆಯಲ್ಲಿ ಸೋತು ಲೀಗಿನಿಂದ ಹೊರಬಿದ್ದಿತು. ಆ ಸ್ಥಾನಕ್ಕೆ ಸಂಡರ್‌ಲ್ಯಾಂಡ್ ಬಂದಿತು. ಸ್ಟೋಕ್ ಬೇರೊಂದು ಕೂಟದಲ್ಲಿ ಒಂದು ವರ್ಷ ಆಡಿ, ಅಲ್ಲಿ ಮೊದಲಿಗನಾಗಿ, 1891ರಲ್ಲಿ ಮರಳಿ ಬಂದದ್ದು ಗಮನಾರ್ಹ.

ಮೂರನೆಯ ಋತು. ಇಪ್ಪತ್ತೆರಡು ಪಂದ್ಯಗಳಲ್ಲಿ ಹೊಡೆದದ್ದು 28 ಗೋಲು ಮಾತ್ರ. ಹಿಂದಿನ ವರ್ಷದ ಸುಮಾರು ಅರ್ಧ. ಆ ವರ್ಷದ ಲೀಗಿನಲ್ಲೇ ಅತಿ ಕಡಿಮೆ. ಹತ್ತನೆಯ ಸ್ಥಾನ ಪಡೆದ ಅಕ್ರಿಂಗ್ಟನ್ ಕೊನೆಯ ನಾಲ್ಕರಲ್ಲಿ ಒಂದಾಗಿ ಇತರ ಸಂಘಗಳ ಮತ ಬೇಡಬೇಕಾಯಿತು. ಲೀಗ್ 12ರಿಂದ 14ಕ್ಕೆ ವಿಸ್ತಾರವಾಗುತ್ತಿದ್ದ ಹೊತ್ತು ಅದು. ನಾಲ್ಕೂ ಸಂಘಗಳನ್ನು ಉಳಿಸಿಕೊಳ್ಳಲಾಯಿತು.

ನಾಲ್ಕನೆಯ ಋತು. ಪಂದ್ಯಗಳು 26ಕ್ಕೆ ಏರಿದವು. ಗೆಲುವು ಎಂಟಕ್ಕೆ ಏರಿತು, ಆದರೆ ಬಿಟ್ಟುಕೊಟ್ಟ ಗೋಲು 78. ಪಂದ್ಯವೊಂದಕ್ಕೆ ಸರಿಯಾಗಿ ಮೂರು. ಮತ್ತೆ ಕೊನೆಯ ನಾಲ್ಕರಲ್ಲಿ ಸ್ಥಾನ, ಮತ್ತೆ ಉಳಿವು. ಆ ಬೇಸಗೆಯಲ್ಲಿ ಲೀಗ್ ಎರಡು ದರ್ಜೆಗಳಾಗಿ ಒಡೆಯಿತು: ಮೊದಲ ದರ್ಜೆಯಲ್ಲಿ 16, ಎರಡನೆಯದರಲ್ಲಿ 12 ಸಂಘಗಳು. ಅಕ್ರಿಂಗ್ಟನ್ ಮೊದಲ ದರ್ಜೆಯಲ್ಲೇ ಉಳಿಯಿತು.

ಐದನೆಯ ಋತು. ಮೂವತ್ತು ಪಂದ್ಯಗಳು, ಹನ್ನೊಂದು ಡ್ರಾ, ಹದಿನೈದನೆಯ ಸ್ಥಾನ. ಈಗ ನಿಯಮ ಬೇರೆಯಾಗಿತ್ತು. ಮೊದಲ ದರ್ಜೆಯ ಕೊನೆಯ ಮೂರು ಸಂಘಗಳು ಎರಡನೆಯ ದರ್ಜೆಯ ಮೊದಲ ಮೂರರೊಡನೆ ತಲಾ ಒಂದು ‘ಟೆಸ್ಟ್ ಪಂದ್ಯ’ ಆಡಬೇಕು. ಗೆದ್ದವರಿಗೆ ಮೇಲಿನ ದರ್ಜೆ. 1893ರ ಏಪ್ರಿಲ್ 22ರಂದು ನಾಟಿಂಗ್‌ಹ್ಯಾಮಿನ ಟ್ರೆಂಟ್ ಬ್ರಿಜ್ ಮೈದಾನದಲ್ಲಿ ಅಕ್ರಿಂಗ್ಟನ್ ಶೆಫೀಲ್ಡ್ ಯುನೈಟೆಡ್ ಸಂಘದ ಎದುರು 1–0ಯಿಂದ ಸೋತಿತು. ಕೆಳಗಿನ ದರ್ಜೆಯಲ್ಲಿ ಆಡುವ ಬದಲು ಅದು ಲೀಗಿಗೇ ರಾಜೀನಾಮೆ ಕೊಟ್ಟಿತು. ಆ ಬಳಿಕ ಲೀಗಿನ ಹೊರಗೆ ಆಡುತ್ತ, ಹಣದ ಮುಗ್ಗಟ್ಟಿಗೆ ಸಿಲುಕಿ, 1896ರಲ್ಲಿ ಇಲ್ಲವಾಯಿತು.

ಸಾಲುಗಳ ನಡುವಿನ ಓದು

ಈ ಐದು ಸಾಲುಗಳನ್ನು ಮೇಲಿಂದ ಕೆಳಗೆ ಓದಿದ ಯಾರಿಗಾದರೂ ಒಂದು ಕಥೆ ತಾನಾಗಿ ಹೊಳೆಯುತ್ತದೆ. 7, 6, 10, 11, 15: ಏರಿತು, ಇಳಿಯಿತು, ಬಿದ್ದಿತು. ಉದಯ, ಉನ್ನತಿ, ಅವನತಿ ಎಂಬ ಮೂರು ಅಂಕಗಳ ನಾಟಕ. ರಾಜವಂಶಗಳ ಚರಿತ್ರೆಯನ್ನು ಇದೇ ಅಚ್ಚಿನಲ್ಲಿ ಎರಕಹೊಯ್ದು ಓದಿದ ಅಭ್ಯಾಸ ಎಲ್ಲರಿಗೂ ಇದೆ. ಆದರೆ ಆ ಕಥೆಯನ್ನು ಅಂಕಿಗಳೇ ಒಪ್ಪುವುದಿಲ್ಲ.

ಋತುವಿನಿಂದ ಋತುವಿಗೆ ಪಂದ್ಯಗಳ ಸಂಖ್ಯೆ 22ರಿಂದ 30ಕ್ಕೆ ಏರಿರುವುದರಿಂದ ಒಟ್ಟು ಅಂಕಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಪಂದ್ಯವೊಂದಕ್ಕೆ ಎಷ್ಟು ಅಂಕ ಎಂದು ಲೆಕ್ಕ ಹಾಕಬೇಕು. ಕ್ರಮವಾಗಿ 0.91, 1.09, 0.73, 0.77, 0.77 ಎಂಬ ಸಂಖ್ಯೆಗಳು ದೊರೆಯುತ್ತವೆ. ಎರಡನೆಯ ಮತ್ತು ಮೂರನೆಯ ಋತುಗಳ ನಡುವೆ ಒಂದು ದೊಡ್ಡ ಇಳಿತವಿದೆ, ನಿಜ. ಆದರೆ ಆ ಬಳಿಕ ಇಳಿತವೇ ಇಲ್ಲ. ಸಂಘ ಬಿದ್ದುಹೋದ ಐದನೆಯ ಋತುವಿನ ಸಾಧನೆ ಅದು ಉಳಿದುಕೊಂಡ ನಾಲ್ಕನೆಯದಕ್ಕೆ ಸಮ, ಉಳಿದುಕೊಂಡ ಮೂರನೆಯದಕ್ಕಿಂತ ಮೇಲು.

ಗೋಲುಗಳ ಲೆಕ್ಕ ಇನ್ನೂ ಸ್ಪಷ್ಟ. ಪಂದ್ಯವೊಂದಕ್ಕೆ ಹೊಡೆದ ಗೋಲು ಕೊನೆಯ ಮೂರು ಋತುಗಳಲ್ಲಿ 1.27, 1.54, 1.90, ಏರುತ್ತಲೇ ಬಂದಿದೆ. ಬಿಟ್ಟುಕೊಟ್ಟದ್ದು 2.27, 3.00, 2.70, ಕೊನೆಯಲ್ಲಿ ತುಸು ಸುಧಾರಿಸಿದೆ. ಗೋಲು ಸರಾಸರಿ 0.56, 0.51, 0.70. ಕೊನೆಯ ಮೂರು ಋತುಗಳಲ್ಲಿ ಗೋಲುಗಳ ದೃಷ್ಟಿಯಿಂದ ಅತ್ಯುತ್ತಮವಾದದ್ದು ಸಂಘ ಸ್ಥಾನ ಕಳೆದುಕೊಂಡ ಋತುವೇ.

ಹಾಗಾದರೆ ಬದಲಾದದ್ದು ಏನು? ಬದಲಾದದ್ದು ನಿಯಮ. 1891ರಲ್ಲಿ ಮತ್ತು 1892ರಲ್ಲಿ ಅಕ್ರಿಂಗ್ಟನ್ನಿನ ಹಣೆಬರಹವನ್ನು ನಿರ್ಧರಿಸಿದವರು ಜೊತೆಯ ಸಂಘಗಳವರು. ಅವರು ಬೆಳೆಯುತ್ತಿದ್ದ ಲೀಗಿನಲ್ಲಿ ಹಳೆಯ ಒಡನಾಡಿಗೆ ಜಾಗ ಕೊಟ್ಟರು. 1893ರಲ್ಲಿ ಅದನ್ನು ನಿರ್ಧರಿಸಿದ್ದು ತೊಂಬತ್ತು ನಿಮಿಷಗಳ ಒಂದು ಪಂದ್ಯ, ಅದರಲ್ಲಿನ ಒಂದು ಗೋಲು. ಅಕ್ರಿಂಗ್ಟನ್ ನಿಂತಲ್ಲೇ ನಿಂತಿತ್ತು. ಕಾಲಕೆಳಗಿನ ನೆಲ ಸರಿಯಿತು.

ಇಲ್ಲಿ ಒಂದು ಪ್ರತಿವಾದವನ್ನೂ ತೂಗಿ ನೋಡಬೇಕು. ಗೆಲುವುಗಳನ್ನು ಮಾತ್ರ ಎಣಿಸಿದರೆ ಕೊನೆಯ ಋತು ಕಳಪೆಯೇ: 30 ಪಂದ್ಯಗಳಲ್ಲಿ ಆರು. ಸೋಲನ್ನು ಡ್ರಾ ಆಗಿಸಲು ಬಲ್ಲ, ಡ್ರಾವನ್ನು ಗೆಲುವಾಗಿಸಲು ಅರಿಯದ ತಂಡ ಅದಾಗಿತ್ತು. ಇಂಗ್ಲೆಂಡಿನಲ್ಲಿ 1981ರಿಂದ ಜಾರಿಗೆ ಬಂದ, ಗೆಲುವಿಗೆ 3 ಅಂಕ ಕೊಡುವ ಪದ್ಧತಿಯಿಂದ ಅಳೆದರೆ ಕೊನೆಯ ಮೂರು ಋತುಗಳ ಸರಾಸರಿ 1.00, 1.08, 0.97 ಆಗುತ್ತದೆ, ಆಗ ಕೊನೆಯದೇ ಕೆಳಗೆ. ಅದೇ ಪದ್ಧತಿಯನ್ನು ಮೊದಲ ಋತುವಿಗೆ ಅನ್ವಯಿಸಿದರೆ ಎವರ್ಟನ್ನಿಗೆ 29, ಅಕ್ರಿಂಗ್ಟನ್ನಿಗೆ 26 ಅಂಕ ಬಂದು ಇಬ್ಬರ ಸ್ಥಾನವೂ ಅದಲುಬದಲಾಗುತ್ತದೆ. ಆಡಿದ ಆಟ ಒಂದೇ, ಅಳೆದ ಕೋಲು ಬೇರೆ. ಈ ಲೆಕ್ಕ ಮೊದಲಿನ ವಾದವನ್ನು ಅಳಿಸುವುದಿಲ್ಲ. ವ್ಯತ್ಯಾಸ ಎಷ್ಟು ಸಣ್ಣದೆಂಬುದನ್ನು ತೋರಿಸುತ್ತದೆ. ಕುಸಿತವೆಂದು ಕರೆಯುವಷ್ಟು ದೊಡ್ಡ ಇಳಿತ ಯಾವ ಕೋಲಿನಿಂದ ಅಳೆದರೂ ಕೊನೆಯ ಋತುವಿನಲ್ಲಿ ಕಾಣುವುದಿಲ್ಲ.

ಪಕ್ಕದ ಸಾಲುಗಳು

ಒಂದು ಶಾಸನವನ್ನು ಅದರ ನೆರೆಯ ಶಾಸನಗಳಿಲ್ಲದೆ ಓದಬಾರದೆಂಬುದು ಬಲ್ಲವರ ಮಾತು. ಪಟ್ಟಿಯ ಸಾಲಿಗೂ ಅದು ಸಲ್ಲುತ್ತದೆ. 1892–93ರ ಪಟ್ಟಿಯಲ್ಲಿ ಅಕ್ರಿಂಗ್ಟನ್ನಿನ ಮೇಲಿನ ಸಾಲು ನಾಟ್ಸ್ ಕೌಂಟಿಯದು, ಕೆಳಗಿನ ಸಾಲು ನ್ಯೂಟನ್ ಹೀತ್ ಸಂಘದ್ದು.

ನ್ಯೂಟನ್ ಹೀತ್ 18 ಅಂಕ ಗಳಿಸಿ ಕಟ್ಟಕಡೆಯಲ್ಲಿತ್ತು. ಅಕ್ರಿಂಗ್ಟನ್ನಿಗಿಂತ ಐದು ಅಂಕ ಕಡಿಮೆ. ಆದರೆ ಅದು ತನ್ನ ಟೆಸ್ಟ್ ಪಂದ್ಯವನ್ನು ಮೊದಲು ಡ್ರಾ ಮಾಡಿಕೊಂಡು, ಮರುಪಂದ್ಯದಲ್ಲಿ ಗೆದ್ದು, ಮೇಲಿನ ದರ್ಜೆಯಲ್ಲೇ ಉಳಿಯಿತು. ಮುಂದೆ ಅದೂ ಸಾಲದಲ್ಲಿ ಮುಳುಗಿ, 1902ರಲ್ಲಿ ಹೊಸ ಹಣ ಮತ್ತು ಹೊಸ ಹೆಸರಿನೊಡನೆ ಎದ್ದು ನಿಂತಿತು. ಆ ಹೆಸರು ಮ್ಯಾಂಚೆಸ್ಟರ್ ಯುನೈಟೆಡ್.

ನಾಟ್ಸ್ ಕೌಂಟಿ 24 ಅಂಕ ಗಳಿಸಿತ್ತು. ಅದೂ ತನ್ನ ಟೆಸ್ಟ್ ಪಂದ್ಯದಲ್ಲಿ ಡಾರ್ವೆನ್ ಸಂಘಕ್ಕೆ ಸೋತಿತು. ಆದರೆ ಎರಡನೆಯ ದರ್ಜೆಯನ್ನು ಒಪ್ಪಿಕೊಂಡಿತು. ಮರುವರ್ಷವೇ, 1894ರಲ್ಲಿ, ಬೋಲ್ಟನ್ ಸಂಘವನ್ನು 4–1ರಿಂದ ಮಣಿಸಿ ಎಫ್.ಎ. ಕಪ್ ಗೆದ್ದಿತು. ಎರಡನೆಯ ದರ್ಜೆಯಲ್ಲಿದ್ದುಕೊಂಡು ಆ ಕಪ್ ಗೆದ್ದ ಮೊದಲ ಸಂಘ ಅದೇ.

ಹೀಗೆ ಒಂದೇ ಪಟ್ಟಿಯ ಕೊನೆಯ ಮೂರು ಸಾಲುಗಳಿಗೆ ಮೂರು ಭವಿಷ್ಯಗಳು. ಕೆಳಗಿದ್ದವನು ಉಳಿದ, ಮೇಲಿದ್ದವನು ಬಿದ್ದೂ ಗೆದ್ದ, ನಡುವಿನವನು ಎದ್ದು ಹೊರನಡೆದ. ಅಂಕಗಳಿಂದ ಈ ಭವಿಷ್ಯಗಳನ್ನು ಊಹಿಸಲು ಬರುವುದಿಲ್ಲ. ಟೆಸ್ಟ್ ಪಂದ್ಯದ ಸೋಲು ಅಕ್ರಿಂಗ್ಟನ್ನಿನ ಮೇಲಿನ ದರ್ಜೆಯನ್ನು ಕಸಿದುಕೊಂಡಿತು. ಲೀಗಿನ ಸ್ಥಾನವನ್ನು ಕಸಿದುಕೊಂಡದ್ದು ಸಂಘದ್ದೇ ಆದ ನಿರ್ಧಾರ. ಪಟ್ಟಿಯಲ್ಲಿ ಮೊದಲನೆಯದಕ್ಕೆ ಅಂಕಿಯಿದೆ, ಎರಡನೆಯದಕ್ಕೆ ಇಲ್ಲ.

ಕಾರಣವನ್ನು ಹುಡುಕುವಾಗ ಇನ್ನೊಂದು ಎಚ್ಚರ ಬೇಕು. ಅದೇ ಚಳಿಗಾಲದಲ್ಲಿ, 1892ರ ನವೆಂಬರಿನಿಂದ 1893ರ ಮಾರ್ಚಿನವರೆಗೆ, ಲ್ಯಾಂಕಾಷೈರಿನ ನೂಲುವ ಗಿರಣಿಗಳಲ್ಲಿ ಕೂಲಿ ಕಡಿತದ ವಿವಾದದಿಂದ ದೀರ್ಘವಾದ ಬೀಗಮುದ್ರೆ ಘೋಷಣೆಯಾಗಿ, ಬ್ರೂಕ್‌ಲ್ಯಾಂಡ್ಸ್ ಒಪ್ಪಂದದಿಂದ ಅದು ಕೊನೆಗೊಂಡಿತು. ಗಿರಣಿಯ ಊರಿನ ಸಂಘ ಬಿದ್ದದ್ದಕ್ಕೆ ಗಿರಣಿಗಳ ಸಂಕಟವೇ ಕಾರಣವೆಂದು ಬರೆದುಬಿಡುವ ಆಸೆ ಹುಟ್ಟುತ್ತದೆ. ಆದರೆ ಆ ವಿವಾದದ ಕೇಂದ್ರ ಓಲ್ಡ್‌ಹ್ಯಾಮ್ ಸುತ್ತಿನ ನೂಲುವ ಗಿರಣಿಗಳು. ನೆರೆಯ ಬ್ಲ್ಯಾಕ್‌ಬರ್ನ್ ಮತ್ತು ಬರ್ನ್ಲಿ ಸಂಘಗಳೂ ಹತ್ತಿಯ ಊರುಗಳವೇ. ಅವು ಅದೇ ಋತುವಿನಲ್ಲಿ ನಿರಾತಂಕವಾಗಿ ಉಳಿದವು. ಎರಡು ಸಂಗತಿಗಳು ಒಂದೇ ಕಾಲದಲ್ಲಿ ನಡೆದವೆಂಬ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ.

ಹೆಸರಿನ ಗೊಂದಲ

ಇಂದಿಗೂ ಆ ಊರಿನಲ್ಲಿ ‘ಅಕ್ರಿಂಗ್ಟನ್ ಸ್ಟ್ಯಾನ್ಲಿ’ ಎಂಬ ಫುಟ್‌ಬಾಲ್ ಸಂಘವಿದೆ. ಇದು ಹಳೆಯ ಸಂಘದ ಮುಂದುವರಿಕೆಯೆಂದು ಭಾವಿಸುವವರು ಹಲವರು, ಅದು ತಪ್ಪು. 1891ರಲ್ಲಿ ಸ್ಟ್ಯಾನ್ಲಿ ವಿಲ್ಲಾ ಎಂಬ ಹೆಸರಿನಿಂದ ಹುಟ್ಟಿದ ಪ್ರತ್ಯೇಕ ತಂಡವೊಂದು ಹಳೆಯ ಸಂಘದ ಪತನದ ಬಳಿಕ ಊರಿನ ಹೆಸರನ್ನು ತನ್ನದಾಗಿಸಿಕೊಂಡಿತು. ಅದು 1921ರಲ್ಲಿ ಲೀಗ್ ಸೇರಿ, ಸಾಲದ ಹೊರೆಯಿಂದ 1962ರಲ್ಲಿ ಋತುವಿನ ನಡುವೆಯೇ ರಾಜೀನಾಮೆ ಕೊಟ್ಟು, 1966ರಲ್ಲಿ ಮುಚ್ಚಿತು. ಆ ಜಾಗಕ್ಕೆ ಆಕ್ಸ್‌ಫರ್ಡ್ ಯುನೈಟೆಡ್ ಬಂದಿತು. 1968ರಲ್ಲಿ ಅದೇ ಹೆಸರಿನಲ್ಲಿ ಮತ್ತೊಂದು ಸಂಘ ಹುಟ್ಟಿ 2006ರಲ್ಲಿ ಲೀಗಿಗೆ ಏರಿತು. ಆ ವರ್ಷ ಲೀಗಿನಿಂದ ಕೆಳಗಿಳಿದವರಲ್ಲಿ ಆಕ್ಸ್‌ಫರ್ಡ್ ಯುನೈಟೆಡ್ ಒಂದು.

ಒಂದು ಊರು, ಒಂದೇ ಹೆಸರಿನ ನೆರಳಿನಲ್ಲಿ ಮೂರು ಸಂಘಗಳು. ಒಂದೇ ಹೆಸರಿನ ಇಬ್ಬರು ಮೂವರು ಅರಸರನ್ನು ಬೇರ್ಪಡಿಸಲು ಶಾಸನತಜ್ಞರು ಪಡುವ ಶ್ರಮವನ್ನು ಬಲ್ಲವರು ಇದರ ಪಾಠವನ್ನು ಗ್ರಹಿಸಬಲ್ಲರು. ಹೆಸರು ಉಳಿದ ಮಾತ್ರಕ್ಕೆ ವಸ್ತು ಉಳಿಯಿತೆಂದಲ್ಲ; ಹೆಸರು ಅಳಿದ ಮಾತ್ರಕ್ಕೆ ನೆಲ ಅಳಿಯಿತೆಂದೂ ಅಲ್ಲ. ಥಾರ್ನಿಹೋಮ್ ರಸ್ತೆಯ ಆ ಮೈದಾನದಲ್ಲಿ ಇಂದಿಗೂ ಕ್ರಿಕೆಟ್ ಆಡುತ್ತಾರೆ.

ಎರಡು ಜಿಲ್ಲೆಗಳ ಓದುಗರಿಗೆ

ಸೇಲಂ ಮತ್ತು ಧರ್ಮಪುರಿಯ ವಿದ್ಯಾರ್ಥಿಗಳಿಗೆ ಈ ಓದು ಮನೆಬಾಗಿಲಿನ ಒಂದು ಪ್ರಶ್ನೆಗೆ ಬೆಳಕು ಕೊಡಬಲ್ಲದು. ಈ ಸೀಮೆಯ ಕನ್ನಡದ ಕುರಿತು ಮಾತು ಬಂದಾಗಲೆಲ್ಲ ಉದಯ, ಉನ್ನತಿ, ಅವನತಿ ಎಂಬ ಅದೇ ಮೂರು ಅಂಕಗಳ ನಾಟಕವನ್ನು ಹೇಳಲಾಗುತ್ತದೆ. ಹಿಂದೆ ತಗಡೂರು ಎಂದು ಹೆಸರಾಗಿದ್ದ ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿದ್ದವು. ಇಂದು ಕನ್ನಡ ಕ್ಷೀಣಿಸಿತು. ಇಷ್ಟರಲ್ಲಿ ಕಥೆ ಮುಗಿಯುತ್ತದೆ.

ಅಂಕಿಗಳನ್ನು ಹಿಡಿದು ಹೊರಟರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಅಳತೆಯ ಚೌಕಟ್ಟು ಬದಲಾಯಿತೆ? 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ದಕ್ಷಿಣ ಕನ್ನಡ, ಕೊಳ್ಳೇಗಾಲದಂತಹ ಕನ್ನಡ ಪ್ರದೇಶಗಳು ಮದ್ರಾಸ್ ರಾಜ್ಯದಿಂದ ಮೈಸೂರಿಗೆ ಸೇರಿದವು. ಸೇಲಂ ಸೀಮೆಯ ಕನ್ನಡ ಮನೆಗಳು ಇದ್ದಲ್ಲೇ ಇದ್ದವು, ಆದರೆ ತಮ್ಮ ರಾಜ್ಯದಲ್ಲಿ ಅವುಗಳ ಪಾಲು ಒಮ್ಮೆಲೆ ಕಿರಿದಾಯಿತು. 1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾಯಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಗಿ, ಕನ್ನಡ ಮಾತನಾಡುವವರು ಗಣನೀಯವಾಗಿರುವ ಹೊಸೂರು, ಡೆಂಕಣಿಕೋಟೆ ತಾಲ್ಲೂಕುಗಳು ಆ ಕಡೆಗೆ ಹೋದವು. ಹಳೆಯ ಜಿಲ್ಲೆಯ ಅಂಕಿಯನ್ನೂ ಹೊಸ ಜಿಲ್ಲೆಯ ಅಂಕಿಯನ್ನೂ ಪಕ್ಕಪಕ್ಕದಲ್ಲಿಟ್ಟು ಕನ್ನಡ ಕುಸಿಯಿತೆಂದು ಬರೆಯುವವನು, 22 ಪಂದ್ಯಗಳ ಅಂಕವನ್ನು 30 ಪಂದ್ಯಗಳ ಅಂಕದೊಡನೆ ಹೋಲಿಸುವವನಂತೆಯೇ ಎಡವುತ್ತಾನೆ.

ಕನ್ನಡದ ಬಳಕೆ ಎಲ್ಲಿಯೂ ಕಡಿಮೆಯಾಗಿಲ್ಲವೆಂದು ಇದರ ಅರ್ಥವಲ್ಲ. ಮನೆ, ಶಾಲೆ, ಸಂತೆಗಳಲ್ಲಿ ನಿಜವಾದ ಇಳಿತಗಳಿರಬಹುದು. ಅಕ್ರಿಂಗ್ಟನ್ನಿನ ಮೂರನೆಯ ಋತುವಿನಲ್ಲಿದ್ದಂತೆ. ಆದರೆ ನಿಜವಾದ ಇಳಿತವನ್ನೂ ಗೆರೆ ಸರಿದದ್ದರಿಂದ ಕಂಡ ಇಳಿತವನ್ನೂ ಬೇರ್ಪಡಿಸದೆ ಹೋದರೆ ಉಳಿಸಿಕೊಳ್ಳಬೇಕಾದದ್ದು ಯಾವುದೆಂದೇ ತಿಳಿಯುವುದಿಲ್ಲ. ತಾನು ಮುಗಿದೆನೆಂದು ನಂಬಿದವನು ಬೇಗ ಎದ್ದು ಹೋಗುತ್ತಾನೆ. 1893ರಲ್ಲಿ ಅಕ್ರಿಂಗ್ಟನ್ನಿನ ಎದುರು ಎರಡನೆಯ ದರ್ಜೆಯ ಬಾಗಿಲು ತೆರೆದೇ ಇತ್ತು. ನಾಟ್ಸ್ ಕೌಂಟಿ ಅದರೊಳಗೆ ಕಾಲಿಟ್ಟಿತು.

ಅಭ್ಯಾಸ

1. ಐದು ಋತುಗಳ ಒಟ್ಟು ಪಂದ್ಯ, ಗೆಲುವು, ಡ್ರಾ, ಸೋಲು, ಗೋಲು, ಅಂಕಗಳನ್ನು ಕೂಡಿಸಿ. (ಉತ್ತರ: 122, 35, 33, 54, 226–313, 103.) ಒಟ್ಟು ಮೊತ್ತದಲ್ಲಿ ಕಾಣದ ಯಾವ ಸಂಗತಿಗಳು ಋತುವಾರು ಸಾಲುಗಳಲ್ಲಿ ಕಾಣುತ್ತವೆ ಎಂಬುದನ್ನು ವಿವರಿಸಿ.

2. ‘ಅವನತಿ’ ಎಂಬ ಪದವನ್ನು ಬಳಸದೆ ಅಕ್ರಿಂಗ್ಟನ್ ಸಂಘದ ಕೊನೆಯ ಮೂರು ಋತುಗಳನ್ನು ಕುರಿತು ಒಂದು ಪುಟದ ಗದ್ಯ ಬರೆಯಿರಿ. ಯಾವ ವಾಕ್ಯಕ್ಕೆ ಅಂಕಿಯ ಆಧಾರವಿದೆ, ಯಾವುದು ಬರೆದವರ ಊಹೆ ಎಂಬುದನ್ನು ಅಂಚಿನಲ್ಲಿ ಗುರುತಿಸಿ.

3. ನಿಮ್ಮ ಊರಿನಲ್ಲಿ ಮುಚ್ಚಿಹೋದ ಒಂದು ಸಂಸ್ಥೆಯ, ಅದು ಶಾಲೆಯಾಗಲಿ, ನೇಕಾರರ ಸಂಘವಾಗಲಿ, ಭಜನಾ ಮಂಡಳಿಯಾಗಲಿ, ವರ್ಷವಾರು ದಾಖಲೆಯನ್ನು ಸಂಗ್ರಹಿಸಿ. ಆ ವರ್ಷಗಳಲ್ಲಿ ನಿಯಮ, ಗಡಿ, ಲೆಕ್ಕದ ಕ್ರಮಗಳಲ್ಲಿ ಆದ ಬದಲಾವಣೆಗಳನ್ನು ಇನ್ನೊಂದು ಅಂಕಣದಲ್ಲಿ ಬರೆಯಿರಿ. ಎರಡೂ ಅಂಕಣಗಳನ್ನು ಒಟ್ಟಿಗೆ ಓದಿದ ಮೇಲೆಯೇ ಆ ಸಂಸ್ಥೆಯ ಕೊನೆಯ ವರ್ಷದ ಕುರಿತು ತೀರ್ಮಾನಕ್ಕೆ ಬನ್ನಿ.